ಚಾಕು ಕೊಳ್ಳುವ ಮೊದಲು ಅದರ ಬಾಯಿ ನೋಡಿ

ಸ್ನೇಹಿತರ, ಪರಿಚಯದವರ ಚಾಕುಗಳಿಗೆ ಸಾಣೆ ಹಿಡಿದುಕೊಡುವುದು ನನ್ನ ಹವ್ಯಾಸ. ಚಾರಣಕ್ಕೆ ಹೋಗುವವರು, ಟೆಂಟ್ ಹಾಕಿ ಮಲಗುವವರು, ಬ್ಯಾಗಿನಲ್ಲಿ ಸುಮ್ನೆ ಒಂದು ಚಾಕು ಇರಲಿ ಅನ್ನುವವರು, ಎಲ್ಲರ ಚಾಕುಗಳೂ ಒಮ್ಮೆಯಾದರೂ ನನ್ನ ಕಲ್ಲಿನ ಮೇಲೆ ಬರುತ್ತವೆ. ಹಾಗಾಗಿ ಹೊಸ ಚಾಕು ಹೇಗೆ ಹೊಳೆಯುತ್ತದೆ ಅನ್ನುವುದಕ್ಕಿಂತ, ಒಂದೆರಡು ವರ್ಷ ಬಳಸಿದ ಮೇಲೆ ಅದರ ಗತಿ ಏನಾಗಿರುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಮೊನೆ ಮುರಿದವು, ಹಿಡಿ ಅಲ್ಲಾಡುವವು, ಒರೆಯೊಳಗೇ ತುಕ್ಕು ತಿಂದವು ಬರುತ್ತವೆ. ಆದರೆ ಎಲ್ಲಕ್ಕಿಂತ ಜಾಸ್ತಿ ಬರುವುದು ಇನ್ನೊಂದು ಜಾತಿ. ಮುರಿದಿಲ್ಲ, ತುಕ್ಕೂ ಹಿಡಿದಿಲ್ಲ, ಆದರೆ ಏನನ್ನೂ ಕೊಯ್ಯುವುದಿಲ್ಲ! ಆರು ಮಿಲಿಮೀಟರ್ ದಪ್ಪ, ಬೆನ್ನಿಗೆ ಗರಗಸದ ಹಲ್ಲು, ಮೈತುಂಬಾ ಕಪ್ಪು ಬಣ್ಣ. ಟೊಮೆಟೊ ಕೊಟ್ಟರೆ ಹಿಚುಕಿ ಹಾಕುತ್ತದೆ.

ಅದಕ್ಕೇ "ಯಾವ ಚಾಕು ತಗೊಳ್ಳಲಿ?" ಅಂತ ಕೇಳಿದವರಿಗೆಲ್ಲ ನಾನು ಮೊದಲು ಕೇಳುವುದು, ಅದರಿಂದ ಏನು ಮಾಡುತ್ತೀರಿ ಅಂತ. ನಿಜವಾಗಿ ಆಗುವ ಕೆಲಸ ಇಷ್ಟು: ಹಗ್ಗ ಕತ್ತರಿಸುವುದು, ಕಡ್ಡಿ ಚೂಪು ಮಾಡುವುದು, ಬೆಂಕಿಗೆ ಪುರಲೆ ಸೀಳುವುದು, ತರಕಾರಿ ಹೆಚ್ಚುವುದು, ಮೀನು ಬಿಡಿಸುವುದು, ಟೇಪು ಬಟ್ಟೆ ಕತ್ತರಿಸುವುದು, ಪಾರ್ಸೆಲ್ ಬಿಚ್ಚುವುದು. ಕಾಡುಪ್ರಾಣಿ ಜೊತೆ ಹೋರಾಡುವುದು, ಮರ ಉರುಳಿಸುವುದು ಇದರಲ್ಲಿ ಬರುವುದಿಲ್ಲ. ಮರಕ್ಕೆ ಗರಗಸ ಇದೆ, ಕೊಡಲಿ ಇದೆ. ಪ್ರಾಣಿ ಕಂಡರೆ ದೂರ ಇರುವುದೇ ಸರಿ. ಈ ಸಣ್ಣಪುಟ್ಟ ಕೆಲಸಗಳನ್ನು ದಿನವಿಡೀ ಕೈ ನೋಯಿಸದೆ ಮಾಡುವ, ಮೊಂಡಾದಾಗ ನೀವೇ ಕೂತು ಮಸೆದುಕೊಳ್ಳಬಹುದಾದ ಚಾಕುವೇ ಒಳ್ಳೆಯ ಚಾಕು. ಉಳಿದ ಗುಣಗಳೆಲ್ಲ ಆಮೇಲೆ.

ಉದ್ದ ಎಷ್ಟಿರಬೇಕು

ಹೊರಗಿನ ಕೆಲಸಕ್ಕೆ ಮಡಚದ ಚಾಕು, ಅಲಗು 10ರಿಂದ 12 ಸೆಂಟಿಮೀಟರ್. ಇಷ್ಟಿದ್ದರೆ ಸಾಕು. ಇದಕ್ಕಿಂತ ಉದ್ದವಾದರೆ ಮೊನೆಯ ಮೇಲೆ ಹಿಡಿತ ತಪ್ಪುತ್ತದೆ, ಸೂಕ್ಷ್ಮ ಕೆಲಸ ಆಗುವುದಿಲ್ಲ. ಅಮೆರಿಕದ ಮೆರೀನ್ ಪಡೆ 1942ರ ಕೊನೆಯಲ್ಲಿ ತೆಗೆದುಕೊಂಡ ಕಾ-ಬಾರ್ ಚಾಕುವಿನ ಅಲಗು 7 ಇಂಚು, ಅಂದರೆ ಹದಿನೆಂಟು ಸೆಂಟಿಮೀಟರಿನಷ್ಟು. ಅದು ಯುದ್ಧದ ಚಾಕು, ಅದಕ್ಕೆ ಆ ಉದ್ದ. ಸ್ವೀಡನ್ನಿನ ವಾಯುಪಡೆ ತನ್ನ ಪೈಲಟ್‌ಗಳಿಗೆ ಅಂತ 1995ರಲ್ಲಿ ಆರಿಸಿಕೊಂಡ ಫಾಲ್‌ಕ್ನಿವೆನ್ ಎಫ್1 ನೋಡಿ, ಅಲಗು ಹತ್ತು ಸೆಂಟಿಮೀಟರೂ ಇಲ್ಲ. ವಿಮಾನದಿಂದ ಹಾರಿ ಹಿಮದಲ್ಲಿ ಬಿದ್ದವರಿಗೆ ಅಷ್ಟು ಸಾಕು ಅಂತಾದರೆ, ವಾರಾಂತ್ಯಕ್ಕೆ ಟೆಂಟ್ ಹಾಕುವವರಿಗೆ ಸಾಲದೇ?

ಮೊನೆ ಅಲಗಿನ ಮಧ್ಯದ ಗೆರೆಗೆ ಹತ್ತಿರ ಇಳಿದಿರಲಿ. ಇದಕ್ಕೆ ಡ್ರಾಪ್ ಪಾಯಿಂಟ್ ಅಂತಾರೆ. ಮೊನೆಯ ಹಿಂದೆ ಲೋಹ ಜಾಸ್ತಿ ಇರುವುದರಿಂದ ಬೇಗ ಮುರಿಯುವುದಿಲ್ಲ. ತೆಳ್ಳಗೆ, ಉದ್ದಕ್ಕೆ, ಮೇಲಕ್ಕೆ ಬಾಗಿದ ಮೊನೆಗಳೇ ನನ್ನ ಹತ್ತಿರ ಮುರಿದು ಬರುವುದು. ಅದರಲ್ಲೂ ಮುಕ್ಕಾಲು ಪಾಲು ಡಬ್ಬದ ಮುಚ್ಚಳ ಮೀಟಲು ಹೋಗಿ ಮುರಿದವು.

ದಪ್ಪ ಮತ್ತು ಇಳಿಜಾರು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಚಾಕು ಕೊಯ್ಯುತ್ತದೋ ಇಲ್ಲವೋ ಅನ್ನುವುದು ನಿರ್ಧಾರ ಆಗುವುದು ಇಲ್ಲೇ.

ಬೆನ್ನಿನ ದಪ್ಪ 2.5ರಿಂದ 4 ಮಿಲಿಮೀಟರ್ ಇದ್ದರೆ ಸರಿ. ಸ್ವೀಡನ್ನಿನ ಮೋರಾ ಕಂಪ್ಯಾನಿಯನ್ ಚಾಕುವಿನ ದಪ್ಪ ಸುಮಾರು 2.5 ಮಿಲಿಮೀಟರ್, ಅಷ್ಟೇ. ಅದನ್ನು ಹಿಡಿದು ಜನ ವರ್ಷಗಟ್ಟಲೆ ಮರಗೆಲಸ ಮಾಡುತ್ತಾರೆ. ಆದರೆ ಬೆನ್ನಿನ ದಪ್ಪಕ್ಕಿಂತ ಮುಖ್ಯವಾದದ್ದು ಬಾಯಿಯ, ಅಂದರೆ ಕೊಯ್ಯುವ ಅಂಚಿನ, ಹಿಂದಿನ ದಪ್ಪ. ಹರಿತದ ಅಂಚು ಶುರುವಾಗುವ ಜಾಗದಿಂದ ಕೂದಲೆಳೆ ಮೇಲೆ ಲೋಹ ಎಷ್ಟು ದಪ್ಪ ಇದೆ ಅನ್ನುವುದು. ಅಲ್ಲಿ ಅರ್ಧ ಮಿಲಿಮೀಟರ್ ಆಸುಪಾಸು ಇದ್ದರೆ ಚಾಕು ಸಲೀಸಾಗಿ ಒಳಗಿಳಿಯುತ್ತದೆ. ಒಂದು ಮಿಲಿಮೀಟರ್ ಅಂದರೆ ಎಷ್ಟೇ ಮಸೆದರೂ ಕೆಲಸ ಭಾರ. ಕಾಗದ ಸರ್ರನೆ ಕೊಯ್ಯುವಂತೆ ಮಾಡಿಕೊಡಬಹುದು, ಕ್ಯಾರೆಟ್ ಮಾತ್ರ ಸಿಡಿದು ಎರಡಾಗುತ್ತದೆ.

ಬೆನ್ನಿನಿಂದ ಬಾಯಿಗೆ ಲೋಹ ಹೇಗೆ ಇಳಿಯುತ್ತದೆ ಅನ್ನುವುದರಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಸ್ಕ್ಯಾಂಡಿ ಇಳಿಜಾರಿನಲ್ಲಿ ಅಲಗಿನ ಮೇಲಿನ ಭಾಗ ಪೂರ್ತಿ ಒಂದೇ ದಪ್ಪ ಇರುತ್ತದೆ. ಅಲ್ಲಿಂದ ಒಂದೇ ಒಂದು ಅಗಲವಾದ ಇಳಿಜಾರು ಬಾಯಿಗೆ ಬಂದು ಮುಗಿಯುತ್ತದೆ. ಮರ ಕೆತ್ತಲು ಇದಕ್ಕೆ ಸಮ ಇನ್ನೊಂದಿಲ್ಲ. ಆ ಅಗಲವಾದ ಇಳಿಜಾರೇ ಮರದ ಮೇಲೆ ಕೂತು ದಾರಿ ತೋರಿಸುತ್ತದೆ. ಮಸೆಯುವುದೂ ಸುಲಭ: ಇಳಿಜಾರನ್ನು ಕಲ್ಲಿನ ಮೇಲೆ ಚಪ್ಪಟೆ ಮಲಗಿಸಿ ಉಜ್ಜಿದರಾಯ್ತು, ಕೋನದ ಲೆಕ್ಕ ಬೇಡ. ಆದರೆ ಗಟ್ಟಿ ತರಕಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಫ್ಲ್ಯಾಟ್ ಇಳಿಜಾರು ಬೆನ್ನಿನಿಂದಲೇ ತೆಳ್ಳಗಾಗುತ್ತಾ ಬರುತ್ತದೆ. ಹೆಚ್ಚುವುದಕ್ಕೆ ಚೆನ್ನ, ಮರಕ್ಕೂ ಪರವಾಗಿಲ್ಲ. ಕಾನ್ವೆಕ್ಸ್ ಅಂದರೆ ಸ್ವಲ್ಪ ಉಬ್ಬಿ ಇಳಿಯುವುದು. ಗಟ್ಟಿಮುಟ್ಟು, ಕಟ್ಟಿಗೆ ಸೀಳಲು ಒಳ್ಳೆಯದು, ಆದರೆ ಮಸೆಯಲು ಕೈ ಪಳಗಬೇಕು. ಹಾಲೋ ಅಂದರೆ ಒಳಕ್ಕೆ ಬಾಗಿದ್ದು. ಚರ್ಮ ಸುಲಿಯಲು ಸರಿ, ಮರದ ಕೆಲಸಕ್ಕೆ ಬೇಡ.

ಒಂದೇ ಚಾಕು ಕಾಡಿಗೂ ಅಡುಗೆಗೂ ಆಗಬೇಕು ಅಂದರೆ ನಾನು ಹೇಳುವುದು ಫ್ಲ್ಯಾಟ್. ಮಸೆಯುವುದನ್ನು ಈಗಷ್ಟೇ ಕಲಿಯುತ್ತಿದ್ದೀರಿ ಅಂದರೆ ಸ್ಕ್ಯಾಂಡಿ.

ಬೆನ್ನಿನ ಮೇಲಿನ ಗರಗಸದ ಹಲ್ಲು ಬೇಡವೇ ಬೇಡ. ಅದು ಬಹುತೇಕ ಮರ ಕೊಯ್ಯುವುದಿಲ್ಲ. ಹಲ್ಲುಗಳನ್ನು ಎಡಕ್ಕೊಂದು ಬಲಕ್ಕೊಂದು ಬಾಗಿಸಿರುವುದಿಲ್ಲವಾದ್ದರಿಂದ ಸ್ವಲ್ಪ ಒಳಗೆ ಹೋಗಿ ಸಿಕ್ಕಿಕೊಂಡು ನಿಲ್ಲುತ್ತದೆ. ಹೆಬ್ಬೆರಳಿಟ್ಟು ಒತ್ತಬೇಕಾದ ಜಾಗವನ್ನೂ ಹಾಳು ಮಾಡುತ್ತದೆ. ಬಾಯಿಯ ಅರ್ಧಕ್ಕೆ ಹಲ್ಲು ಮಾಡಿದ ಚಾಕುಗಳೂ ಇವೆ. ಹಗ್ಗಕ್ಕೇನೋ ಸರಿ, ಆದರೆ ಹಿಡಿಯ ಪಕ್ಕದ, ಅತಿ ಹೆಚ್ಚು ಬಲ ಸಿಗುವ ಜಾಗವನ್ನು ಅದು ನುಂಗಿಬಿಡುತ್ತದೆ. ಕೆತ್ತುವಾಗ ನಮಗೆ ಬೇಕಾಗುವುದು ಅದೇ ಜಾಗ.

ಹಿಡಿಯೊಳಗೆ ಏನಿದೆ

ಅಲಗಿನ ಲೋಹ ಹಿಡಿಯೊಳಗೂ ಮುಂದುವರಿಯುತ್ತದಲ್ಲ, ಅದಕ್ಕೆ ಟ್ಯಾಂಗ್ ಅಂತಾರೆ. ಹಿಡಿಯ ಸುತ್ತ ಲೋಹದ ಅಂಚು ಕಾಣಿಸುತ್ತಿದ್ದರೆ ಅದು ಫುಲ್ ಟ್ಯಾಂಗ್. ಅತಿ ಗಟ್ಟಿ. ಹಿಡಿಯ ಕವಚ ಒಡೆದುಹೋದರೂ ಹಗ್ಗ ಸುತ್ತಿಕೊಂಡು ಕೆಲಸ ಮಾಡಬಹುದು. ಹಾಗಂತ ಉಳಿದವೆಲ್ಲ ಕೆಟ್ಟವು ಅಂತಲ್ಲ. ಫಿನ್ಲೆಂಡಿನ ಸಾಂಪ್ರದಾಯಿಕ ಪುಕ್ಕೊ ಚಾಕುಗಳಲ್ಲಿ ಸಣ್ಣ ಕಡ್ಡಿಯಂಥ ಟ್ಯಾಂಗ್ ಹಿಡಿಯೊಳಗೆ ಹೋಗುತ್ತದೆ. ಅಲ್ಲಿಯ ಚಳಿ, ಅಲ್ಲಿಯ ಮರ ಎರಡನ್ನೂ ಅವು ತಡೆದುಕೊಂಡಿವೆ. ಮುಟ್ಟಬಾರದ್ದು ಒಂದೇ: ಹಿಡಿ ಟೊಳ್ಳು, ಒಳಗೆ ಬೆಂಕಿಕಡ್ಡಿ, ಗಾಳ, ತುದಿಯಲ್ಲಿ ದಿಕ್ಸೂಚಿ ಇರುವ ಅಗ್ಗದ ಚಾಕು. ಅದರ ಅಲಗು ಹಿಡಿಯ ಬಾಯಲ್ಲಿ ಒಂದು ಗಿಡ್ಡ ತುಂಡಿನಿಂದ ಸಿಕ್ಕಿಕೊಂಡಿರುತ್ತದೆ. ಸ್ವಲ್ಪ ಅಡ್ಡ ಬಲ ಬಿದ್ದರೆ ಅಲಗು ಒಂದು ಕಡೆ, ಹಿಡಿ ಒಂದು ಕಡೆ.

ಹಿಡಿ ಸುಮಾರು 11-12 ಸೆಂಟಿಮೀಟರ್ ಇರಲಿ, ನಾಲ್ಕೂ ಬೆರಳು ಆರಾಮಾಗಿ ಕೂರಬೇಕು. ಮಧ್ಯದಲ್ಲಿ ಸ್ವಲ್ಪ ಉಬ್ಬಿ, ಅಡ್ಡಕೊಯ್ತ ಮೊಟ್ಟೆಯಾಕಾರ ಇದ್ದರೆ ಕತ್ತಲಲ್ಲೂ ಬಾಯಿ ಯಾವ ಕಡೆ ಇದೆ ಅಂತ ಕೈಗೆ ತಿಳಿಯುತ್ತದೆ. ಬೆರಳಿಗೊಂದೊಂದು ಗುಳಿ ಕೊರೆದ ಹಿಡಿ ನೋಡಲು ಚೆಂದ. ಆದರೆ ಆ ಗುಳಿಗಳು ಯಾರದೋ ಬೆರಳಿನ ಅಳತೆಗೆ ಮಾಡಿದವು. ಹಿಡಿತ ಬದಲಿಸಿದ ಕೂಡಲೇ ಗುಳಿಯ ಏಣು ಅಂಗೈಗೆ ಒತ್ತುತ್ತದೆ. ರಬ್ಬರ್ ಒದ್ದೆ ಕೈಗೆ ಜಾರುವುದಿಲ್ಲ. ಮೈಕಾರ್ಟಾ ಅನ್ನುವುದು ಬಟ್ಟೆಯನ್ನು ರಾಳದಲ್ಲಿ ಅದ್ದಿ ಒತ್ತಿ ಮಾಡಿದ್ದು, ಅದೂ ತುಂಬಾ ಚೆನ್ನ. ಮರ ಕೈಗೆ ಹಿತ, ಆಗಾಗ ಎಣ್ಣೆ ಒರೆಸಬೇಕು ಅಷ್ಟೇ. ಬರೀ ಲೋಹದ ಹಿಡಿ ಚಳಿಯಲ್ಲಿ ಕೈ ಕೊರೆಯುತ್ತದೆ, ಬೆವರಿದರೆ ಜಾರುತ್ತದೆ.

ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡುವ ಅವಕಾಶ ಇದ್ದರೆ ಒಂದು ಕೆಲಸ ಮಾಡಿ. ಒರೆಯಲ್ಲೇ ಇಟ್ಟು, ಹಿಡಿಯನ್ನು ಬಿಗಿಯಾಗಿ ಹಿಡಿದು, ಕಡ್ಡಿ ಕೆತ್ತುವ ಹಾಗೆ ಎರಡು ನಿಮಿಷ ಕೈ ಆಡಿಸಿ. ಎಲ್ಲೋ ಒಂದು ಕಡೆ ಒತ್ತುತ್ತಿದೆ ಅನಿಸಿದರೆ, ಅರ್ಧ ಗಂಟೆ ಕೆಲಸಕ್ಕೆ ಅಲ್ಲೇ ಬೊಬ್ಬೆ ಏಳುತ್ತದೆ.

ಉಕ್ಕಿನ ಮಾತು

ಜನ ಅತಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಇದರ ಬಗ್ಗೆ. ನಾನು ಅಷ್ಟು ಕೆಡಿಸಿಕೊಳ್ಳುವುದಿಲ್ಲ. ಕಾರ್ಬನ್ ಉಕ್ಕು ಬೇಗ ಮಸೆಯುತ್ತದೆ, ಬೇಗ ತುಕ್ಕೂ ಹಿಡಿಯುತ್ತದೆ. 1095 ಅಂತ ಬರೆದಿದ್ದರೆ 0.95% ಆಸುಪಾಸು ಇಂಗಾಲ ಇದೆ ಅಂತ ಅರ್ಥ. ಸ್ಟೇನ್‌ಲೆಸ್ ಅನ್ನಿಸಿಕೊಳ್ಳಲು ನೂರಕ್ಕೆ ಕನಿಷ್ಠ ಹತ್ತೂವರೆ ಪಾಲು ಕ್ರೋಮಿಯಂ ಬೇಕು. ಅಲೈಮಾ (ಹಿಂದೆ ಸ್ಯಾಂಡ್‌ವಿಕ್) ಕಂಪನಿಯ 14ಸಿ28ಎನ್ ಅನ್ನುವ ಉಕ್ಕಿನಲ್ಲಿ ಅದು 14%. ತುಕ್ಕು ಕಮ್ಮಿ, ಮಸೆಯುವುದೂ ಕಷ್ಟವಲ್ಲ, ನನಗೆ ಇಷ್ಟ. ಡಿ2 ಅನ್ನುವ ಉಕ್ಕು ಹರಿತ ಬಹಳ ಕಾಲ ಇಟ್ಟುಕೊಳ್ಳುತ್ತದೆ, ಆದರೆ ಮೊಂಡಾಯ್ತು ಅಂದರೆ ಸಾದಾ ಕಲ್ಲಿನ ಮೇಲೆ ಬೆವರು ಸುರಿಸಬೇಕು. ಮಳೆ, ಕಡಲು, ಬೆವರು ಜಾಸ್ತಿ ಇರುವ ಕಡೆ ಸ್ಟೇನ್‌ಲೆಸ್. ದಿನಾ ಒರೆಸಿ ಎಣ್ಣೆ ಹಚ್ಚುವ ಅಭ್ಯಾಸ ಇದ್ದರೆ ಕಾರ್ಬನ್. ಗಡಸುತನ ರಾಕ್‌ವೆಲ್ ಅಳತೆಯಲ್ಲಿ 56ರಿಂದ 60ರ ಮಧ್ಯೆ ಇದ್ದರೆ ಸರಿ. ಕಡಿಮೆಯಾದರೆ ಬಾಯಿ ಮಡಚಿಕೊಳ್ಳುತ್ತದೆ, ಜಾಸ್ತಿಯಾದರೆ ಚೂರೇಳುತ್ತದೆ. ಉಕ್ಕಿನ ಹೆಸರನ್ನೇ ಬರೆಯದೆ "ಹೈ ಕ್ವಾಲಿಟಿ ಸ್ಟೀಲ್" ಅಂತ ಮಾತ್ರ ಬರೆದಿದ್ದರೆ ಅಲ್ಲೇ ಬಿಟ್ಟುಬಿಡಿ.

ಕಾರ್ಬನ್ ಅಲಗು ಬಳಸುತ್ತಾ ಬೂದು, ನೀಲಿ ಬಣ್ಣಕ್ಕೆ ತಿರುಗುತ್ತದೆ. ಅದು ತುಕ್ಕಲ್ಲ, ಉಜ್ಜಿ ತೆಗೆಯಬೇಡಿ. ಕೆಂಪು ಕಂಡರೆ ಮಾತ್ರ ತೆಗೆಯಿರಿ.

ಬೆಂಕಿ ಮತ್ತು ಕಟ್ಟಿಗೆ

ಬೆನ್ನಿನ ಅಂಚು ಸರಿಯಾಗಿ 90 ಡಿಗ್ರಿ, ಚೂಪಾಗಿ ಇರಬೇಕು. ಫೆರೋ ರಾಡ್‌ನಿಂದ (ಕೆರೆದರೆ ಕಿಡಿ ಹಾರುವ ಲೋಹದ ಕಡ್ಡಿ) ಕಿಡಿ ಎಬ್ಬಿಸಲು ಬೇಕಾಗುವುದು ಆ ಬೆನ್ನೇ, ಬಾಯಿ ಅಲ್ಲ. ಈ ರಾಡ್‌ನ ಮಿಶ್ರಲೋಹವನ್ನು ಕಾರ್ಲ್ ಆವರ್ ಫೊನ್ ವೆಲ್ಸ್‌ಬಾಖ್ 1903ರಲ್ಲಿ ಕಂಡುಹಿಡಿದರು. ಸೀರಿಯಂ, ಕಬ್ಬಿಣ ಸೇರಿದ ಇದನ್ನು ಕೆರೆದರೆ ಚೂರುಗಳು ಗಾಳಿಯಲ್ಲೇ ಹತ್ತಿಕೊಂಡು ಸಾವಿರಾರು ಡಿಗ್ರಿ ಕಿಡಿ ಆಗುತ್ತವೆ. ಬೆನ್ನು ಗುಂಡಗಿದ್ದರೆ ಅರ ತೆಗೆದುಕೊಂಡು ಚಪ್ಪಟೆ ಮಾಡಿ. ಬಣ್ಣ ಬಳಿದಿದ್ದರೆ ಆ ಜಾಗದಲ್ಲಿ ಕೆರೆದು ತೆಗೆಯಿರಿ. ಕಿಡಿ ಎಬ್ಬಿಸುವಾಗ ಚಾಕುವನ್ನು ಮುಂದಕ್ಕೆ ತಳ್ಳಬೇಡಿ, ಜೋಡಿಸಿಟ್ಟ ತರಗೆಲ್ಲ ಚೆಲ್ಲಾಪಿಲ್ಲಿ ಆಗುತ್ತದೆ. ಚಾಕು ತರಗಿನ ಮೇಲೆ ಅಲ್ಲಾಡದೆ ಇರಲಿ, ರಾಡನ್ನು ಹಿಂದಕ್ಕೆ ಎಳೆಯಿರಿ.

ಮಳೆ ಬಂದು ಎಲ್ಲ ಒದ್ದೆಯಾದಾಗಲೂ ಒಣ ಕಟ್ಟಿಗೆಯ ಒಳಭಾಗ ಒಣಗಿಯೇ ಇರುತ್ತದೆ. ಅದನ್ನು ಹೊರಗೆ ತೆಗೆಯುವುದೇ ಚಾಕುವಿನ ಕೆಲಸ. ಗಂಟಿಲ್ಲದ, ಮಣಿಕಟ್ಟಿನಷ್ಟು ದಪ್ಪದ ತುಂಡು ಆರಿಸಿ. ಅಲಗನ್ನು ಅದರ ತಲೆಯ ಮೇಲೆ ಅಡ್ಡ ಇಟ್ಟು, ಮೊನೆ ಕಡೆ ಎರಡು ಮೂರು ಸೆಂಟಿಮೀಟರ್ ಹೊರಗುಳಿಯುವ ಹಾಗೆ ನೋಡಿಕೊಂಡು, ಇನ್ನೊಂದು ಕಟ್ಟಿಗೆಯಿಂದ ಬೆನ್ನಿಗೆ ತಟ್ಟಿ. ಕಲ್ಲಿನಿಂದ, ಸುತ್ತಿಗೆಯಿಂದ ಬೇಡ. ಅಲಗು ಕಟ್ಟಿಗೆಯೊಳಗೆ ಪೂರ್ತಿ ಇಳಿದ ಮೇಲೆ ಹೊರಗುಳಿದ ಮೊನೆಯ ಕಡೆ ತಟ್ಟಿ, ಹಿಡಿಯನ್ನು ಮಟ್ಟವಾಗಿ ಹಿಡಿದಿರಿ.

ಹಾಗೆ ಸೀಳಿದ ಹೆಬ್ಬೆರಳು ದಪ್ಪದ ಒಂದು ಚಕ್ಕೆ ತೆಗೆದುಕೊಳ್ಳಿ. ಅದಕ್ಕೊಂದು ಏಣು ಇರುತ್ತದಲ್ಲ, ಅಲ್ಲಿಂದ ಶುರು. ಚಕ್ಕೆಯ ಕೆಳತುದಿಯನ್ನು ಗಟ್ಟಿಯಾದ ಮರದ ಮೇಲೆ ಊರಿ, ಚಾಕು ಹಿಡಿದ ಕೈಯ ಮೊಣಕೈ ನೆಟ್ಟಗೆ ಮಾಡಿ, ಹಿಡಿಯ ಹತ್ತಿರದ ಬಾಯಿಯನ್ನು ಏಣಿನ ಮೇಲಿಟ್ಟು, ಮೈಭಾರದಿಂದ ಕೆಳಕ್ಕೆ ಜಾರಿಸಿ. ಮರ ತೆಳ್ಳಗೆ ಸುರುಳಿ ಸುತ್ತುತ್ತಾ ಬರುತ್ತದೆ. ತುದಿಗೆ ಬರುವ ಮೊದಲೇ ನಿಲ್ಲಿಸಿ, ಸುರುಳಿ ಕಿತ್ತುಹೋಗಬಾರದು. ಈಗ ಆ ಸುರುಳಿ ಎದ್ದ ಜಾಗದ ಎರಡೂ ಬದಿಗೆ ಹೊಸ ಏಣು ಹುಟ್ಟಿರುತ್ತದೆ, ಮುಂದಿನ ಸುರುಳಿ ಅಲ್ಲಿಂದ. ಹೀಗೇ ಕೋನ ಸ್ವಲ್ಪ ಸ್ವಲ್ಪ ಬದಲಿಸುತ್ತಾ ಹೋದರೆ ಚಕ್ಕೆಯ ತುದಿಯಲ್ಲಿ ಸುರುಳಿಗಳ ಒಂದು ಗೊಂಚಲೇ ಆಗುತ್ತದೆ. ಕಾಗದದಷ್ಟು ತೆಳುವಾಗಿದ್ದರೆ ಕಿಡಿಗೇ ಹತ್ತಿಕೊಳ್ಳುತ್ತದೆ. ಸುರುಳಿ ಬರದೆ ಪುಡಿ ಪುಡಿ ಉದುರುತ್ತಿದ್ದರೆ ಮರ ಬದಲಿಸುವ ಮೊದಲು ಚಾಕು ಮಸೆಯಿರಿ. ಹೊಸ ಚಾಕು ಪರೀಕ್ಷೆ ಮಾಡಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಮಸೆಯುವುದು

ಒಂದು 1000 ಗ್ರಿಟ್ ಕಲ್ಲು ಸಾಕು (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು). ಬಾಯಿ ಚೂರೆದ್ದಿದ್ದರೆ 400 ಬೇಕಾಗುತ್ತದೆ. 3000 ಇದ್ದರೆ ಸಂತೋಷ, ಇಲ್ಲದಿದ್ದರೆ ನಷ್ಟವಿಲ್ಲ. ಸ್ಕ್ಯಾಂಡಿ ಅಲ್ಲದ ಚಾಕುವನ್ನು ಒಂದೊಂದು ಬದಿಗೆ ಸುಮಾರು 20 ಡಿಗ್ರಿ ಕೋನದಲ್ಲಿ ಹಿಡಿಯಬೇಕು. ಕೋನವನ್ನು ಕಣ್ಣಳತೆಯಲ್ಲಿ ಹಿಡಿಯುವುದು ಕಷ್ಟ ಅಲ್ವಾ? ಒಂದು ಲೆಕ್ಕ ಇದೆ. ಅಲಗಿನ ಅಗಲದ ಮೂರನೇ ಒಂದು ಪಾಲಿನಷ್ಟು ಎತ್ತರಕ್ಕೆ ಬೆನ್ನನ್ನು ಕಲ್ಲಿನಿಂದ ಎತ್ತಿದರೆ ಸರಿಸುಮಾರು 20 ಡಿಗ್ರಿ ಆಗುತ್ತದೆ. ಅಲಗು 30 ಮಿಲಿಮೀಟರ್ ಅಗಲ ಇದ್ದರೆ ಬೆನ್ನು 10 ಮಿಲಿಮೀಟರ್ ಮೇಲೆ. ಒಂದಷ್ಟು ನಾಣ್ಯ ಪೇರಿಸಿ ಎತ್ತರ ನೋಡಿಕೊಂಡು, ಆಮೇಲೆ ಅವನ್ನು ತೆಗೆದು ಶುರು ಮಾಡಿ.

ಬಾಯಿಯ ಉದ್ದಕ್ಕೂ ಮಾರ್ಕರ್ ಪೆನ್ನಿನಿಂದ ಮಸಿ ಬಳಿಯಿರಿ. ನಾಲ್ಕು ಸಲ ಉಜ್ಜಿ ನೋಡಿ. ಮಸಿ ಮೇಲ್ಭಾಗದಲ್ಲಿ ಮಾತ್ರ ಹೋಗಿದ್ದರೆ ಕೋನ ಕಡಿಮೆಯಾಯ್ತು, ತುದಿಯಲ್ಲಿ ಮಾತ್ರ ಹೋಗಿದ್ದರೆ ಜಾಸ್ತಿಯಾಯ್ತು. ಪೂರ್ತಿ ಹೋಯ್ತು ಅಂದರೆ ಅದೇ ಕೋನ ಬಿಡಬೇಡಿ. ಒಂದೇ ಬದಿಯನ್ನು ಉಜ್ಜುತ್ತಾ ಇರಿ. ಸ್ವಲ್ಪ ಹೊತ್ತಿಗೆ ಇನ್ನೊಂದು ಬದಿಯಲ್ಲಿ ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಹೊರಗೆ ಮೆಲ್ಲಗೆ ಎಳೆದರೆ, ಅಂಚಿನಲ್ಲಿ ಏನೋ ತರಿ ತಡೆಯುತ್ತದೆ. ಅದು ಬರ್, ಲೋಹ ತೆಳುವಾಗಿ ಆಚೆಗೆ ಮಡಚಿಕೊಂಡದ್ದು. ಹಿಡಿಯಿಂದ ಮೊನೆಯವರೆಗೂ ಅದು ಸಿಗುವ ತನಕ ಚಾಕು ತಿರುಗಿಸಬೇಡಿ. ಮಸೆಯುವುದು ಬರುವುದಿಲ್ಲ ಅನ್ನುವವರಲ್ಲಿ ಹೆಚ್ಚಿನವರು ಇಲ್ಲೇ ಅವಸರ ಮಾಡುತ್ತಾರೆ. ಇನ್ನೊಂದು ಬದಿಗೂ ಹಾಗೇ ಮಾಡಿ, ಆಮೇಲೆ ಒಂದೊಂದು ಬದಿಗೆ ಒಂದೊಂದು ಸಲ, ಬಲ ಕಡಿಮೆ ಮಾಡುತ್ತಾ. ಕೊನೆಗೆ ಹಳೇ ತೊಗಲಿನ ಬೆಲ್ಟಿನ ಒಳಮೈ ಮೇಲೆ ಬಾಯಿ ಹಿಂದೆ ಬರುವ ಹಾಗೆ ಹತ್ತಾರು ಸಲ ಎಳೆದರೆ ಉಳಿದ ಬರ್ ಹೋಗುತ್ತದೆ.

ದೀಪದ ಕೆಳಗೆ ಬಾಯಿಯನ್ನು ನೇರ ಕಣ್ಣಿಗೆ ಹಿಡಿದು ನೋಡಿ. ಬೆಳ್ಳಗೆ ಹೊಳೆಯುವ ಚುಕ್ಕೆ ಕಂಡಲ್ಲಿ ಇನ್ನೂ ಮೊಂಡು. ಹರಿತವಾದ ಬಾಯಿ ಬೆಳಕನ್ನು ತಿರುಗಿಸುವುದಿಲ್ಲ, ಕಾಣುವುದೇ ಇಲ್ಲ.

ವೇಗವಾಗಿ ತಿರುಗುವ ಒಣ ಸಾಣೆಚಕ್ರಕ್ಕೆ ಮಾತ್ರ ಒಳ್ಳೆಯ ಚಾಕು ಕೊಡಬೇಡಿ. ಬಾಯಿ ತೆಳು, ಕ್ಷಣದಲ್ಲಿ ಕಾಯುತ್ತದೆ. ಅಂಚು ನೀಲಿಯಾಯ್ತು ಅಂದರೆ ಸುಮಾರು 300 ಡಿಗ್ರಿ ಮುಟ್ಟಿದೆ ಅಂತ. ಕಾರ್ಬನ್ ಉಕ್ಕಿನ ಹದ ಅಲ್ಲಿಗೆ ಕೆಟ್ಟಿತು, ಮತ್ತೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಅದೇ ಕಾರಣಕ್ಕೆ ಅಲಗನ್ನು ಕೆಂಡಕ್ಕೆ ತೂರಿಸಿ ಬೆಂಕಿ ಕೆದಕಬಾರದು.

ಒರೆ, ಮಡಚುವ ಚಾಕು, ಎಚ್ಚರ

ಒರೆಯನ್ನು ತಲೆಕೆಳಗೆ ಮಾಡಿ ಜಾಡಿಸಿದರೂ ಚಾಕು ಬೀಳಬಾರದು. ಪ್ಲಾಸ್ಟಿಕ್ ಒರೆಯ ತಳದಲ್ಲಿ ನೀರು ಹೋಗಲು ತೂತು ಇರಬೇಕು. ತೊಗಲಿನ ಒರೆಯಾದರೆ ಎರಡು ಪದರದ ಮಧ್ಯೆ, ಬಾಯಿಯ ಕಡೆ, ಮೂರನೇ ಪಟ್ಟಿಯೊಂದನ್ನು ಸೇರಿಸಿ ಹೊಲಿದಿದ್ದಾರಾ ನೋಡಿ. ಇಲ್ಲದಿದ್ದರೆ ಚಾಕು ದಿನಾ ಹೊಲಿಗೆಯನ್ನೇ ಕೊಯ್ಯುತ್ತಿರುತ್ತದೆ. ತೊಗಲು ತೇವ ಹಿಡಿದಿಡುತ್ತದೆ, ಹಾಗಾಗಿ ಮನೆಗೆ ಬಂದ ಮೇಲೆ ಚಾಕುವನ್ನು ಒರೆಯಿಂದ ಹೊರಗೇ ಇಡಿ.

ದಿನಬಳಕೆಗೆ ಸೊಂಟಕ್ಕೆ ಒರೆ ಕಟ್ಟಿಕೊಂಡು ಓಡಾಡುವುದು ಅತಿಯಾಯ್ತು. 6-8 ಸೆಂಟಿಮೀಟರ್ ಅಲಗಿನ ಮಡಚುವ ಚಾಕು ಜೇಬಿಗೆ ಸಾಕು. ಸಾದಾ ವಿಕ್ಟೋರಿನಾಕ್ಸ್ ಚಾಕುಗಳ ಅಲಗಿಗೆ ಲಾಕ್ ಇರುವುದಿಲ್ಲ, ಸ್ಪ್ರಿಂಗಿನ ಒತ್ತಡ ಮಾತ್ರ. ಚುಚ್ಚುವ ಕೆಲಸ ಮಾಡಿದರೆ ಬೆರಳ ಮೇಲೆ ಮಡಚಿಕೊಂಡೀತು. ಫ್ರಾನ್ಸಿನ ಓಪಿನೆಲ್ ಚಾಕುಗಳಲ್ಲಿ 1955ರಿಂದ ತಿರುಗಿಸುವ ಉಂಗುರದ ಲಾಕ್ ಇದೆ, ಸರಳ, ನಂಬಬಹುದು. ಯಾವ ಲಾಕೇ ಇರಲಿ, ಕಟ್ಟಿಗೆ ಸೀಳಲು ಮಡಚುವ ಚಾಕು ತೆಗೆಯಬೇಡಿ. ಕೀಲಿನಲ್ಲಿ ಜೇಬಿನ ಜುಂಗು ತುಂಬಿರುತ್ತದೆ, ಆಗಾಗ ಊದಿ ಒಂದು ತೊಟ್ಟು ಎಣ್ಣೆ ಬಿಡಿ.

ಕೂತು ಕೆತ್ತುವಾಗ ಮೊಣಕೈಗಳನ್ನು ಮಂಡಿಯ ಮೇಲೂರಿ, ಕೆಲಸವೆಲ್ಲ ಮಂಡಿಯಿಂದ ಆಚೆ ಇರಲಿ. ತೊಡೆಗಳ ನಡುವೆ ಬೇಡ. ತೊಡೆಯ ಒಳಬದಿಯಲ್ಲಿ ದೊಡ್ಡ ರಕ್ತನಾಳ ಇದೆ, ಅದು ಕೊಯ್ದರೆ ಕಾಡಿನಲ್ಲಿ ಕೈಮೀರಿ ಹೋಗುತ್ತದೆ. ಕೈ ಚಾಚಿ ಸುತ್ತ ತಿರುಗಿ ಯಾರೂ ತಗಲುವುದಿಲ್ಲ ಅಂತ ನೋಡಿಕೊಂಡೇ ಒರೆಯಿಂದ ತೆಗೆಯಿರಿ. ಕೈ ಜಾರಿದ ಚಾಕುವನ್ನು ಹಿಡಿಯಲು ಹೋಗಬೇಡಿ, ಬೀಳಲಿ ಬಿಡಿ. ಬ್ಯಾಗಿನಲ್ಲಿ ಚಾಕುವಿನ ಜೊತೆ ಬ್ಯಾಂಡೇಜೂ ಇರಲಿ.

ಕಾನೂನು ಊರಿಂದೂರಿಗೆ ಬೇರೆ. ಬ್ರಿಟನ್ನಿನಲ್ಲಿ ಕಾರಣ ಹೇಳದೆ ಹೊರಗೆ ಇಟ್ಟುಕೊಳ್ಳಬಹುದಾದದ್ದು ಲಾಕ್ ಇಲ್ಲದ, 3 ಇಂಚಿಗಿಂತ ಉದ್ದದ ಬಾಯಿ ಇಲ್ಲದ ಮಡಚುವ ಚಾಕು ಮಾತ್ರ. ಕೊಳ್ಳುವ ಮೊದಲು ನಿಮ್ಮಲ್ಲಿ ಏನಿದೆ ಅಂತ ತಿಳಿದುಕೊಳ್ಳಿ. ಮನೆಯಲ್ಲಿ ಮಕ್ಕಳ ಕೈಗೆ ಎಟುಕದ ಕಡೆ ಇಡಿ. ವಿಮಾನಕ್ಕಾದರೆ ಕೈಚೀಲದಲ್ಲಿ ಬೇಡ, ಲಗೇಜಿಗೆ ಹಾಕಿ. ಒರೆಯ ಮೇಲೆ ರಟ್ಟು ಸುತ್ತಿ ಟೇಪ್ ಹಚ್ಚಿ, ಬ್ಯಾಗ್ ತೆರೆದು ನೋಡುವವರ ಕೈಯೂ ಕೊಯ್ಯಬಾರದಲ್ಲ.